ಒಂಬತ್ತನೇ ಶುಂಠಿ ಮೂಟೆ

ಸಣ್ಣಸ್ವಾಮಿ ಆರನೇ ಸಲ ಗೇಟಿನಿಂದ ನಡೆದು ಬಂದರು. ಪೇಟ ಸರಿಯಾಗಿತ್ತು. ನಗು ಸರಿಯಾಗಿತ್ತು. ಹೊಸ ಮನೆಯ ಹೊಸ್ತಿಲ ಮುಂದೆ ನಿಂತು, ಕ್ಯಾಮೆರಾ ನೋಡಿ, ಕೈಮುಗಿದರು.

"ಅರಕಲಗೂಡಿಂದ ಬಂದು ಕುಶಾಲನಗರದಲ್ಲಿ ಲಾರಿ ಇಳಿದಾಗ ನನ್ನ ಹತ್ರ ಇದ್ದಿದ್ದು ಒಂದೇ ಒಂದು..."

"ಶುಂಠಿ ಮೂಟೆ!" ಶಾಮಿಯಾನದ ಕೆಳಗಿದ್ದ ಇನ್ನೂರು ಜನ ಒಟ್ಟಿಗೆ ಹೇಳಿದರು.

ಕೆಂಪು ದೀಪ ಆರಿತು. ಕ್ಯಾಮೆರಾದ ಪರದೆಯ ಮೇಲೆ ಅದೇ ಹಳೆಯ ದೂರು: ಮೆಮೊರಿ ಕಾರ್ಡಿನ ವೇಗ ಸಾಲದು.

"ಮತ್ತೆ ನಿಂತೋಯ್ತು ಸರ್," ಎಂದಳು ಮಾನಸ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ನಿಂತ್ರೆ ನಿಲ್ಲಲಿ ಬುಡು. ಮೊದ್ಲಿಂದ ಹೇಳ್ತೀನಿ."

ಸಣ್ಣಸ್ವಾಮಿ ಮತ್ತೆ ಗೇಟಿನತ್ತ ಹೊರಟರು. ಅರ್ಧದಿಂದ ಮುಂದುವರಿಸುವುದು ಅವರ ಜಾಯಮಾನವಲ್ಲ. ಪೇಟ ಬಿಚ್ಚಿ ಕಟ್ಟಬೇಕು, ಮುಖ ಒರೆಸಬೇಕು, ನೀರು ಕುಡಿಯಬೇಕು. ಒಂದೊಂದು ಸಲಕ್ಕೂ ಐದಾರು ನಿಮಿಷ. ಗೃಹಪ್ರವೇಶದ ಭಾಷಣ ಮುಗಿಯದೆ ಊಟದ ಎಲೆ ಹಾಕುವಂತಿಲ್ಲ ಎಂಬುದೂ ಅವರದೇ ಅಪ್ಪಣೆ.

ಮಾನಸ ಒಬ್ಬಳೇ ಬಂದ ಮೊದಲ ಶೂಟಿಂಗ್ ಇದು. ಸ್ಟುಡಿಯೋದ ನಂದೀಶ್ ಬೆಳಿಗ್ಗೆಯೇ ಹೇಳಿ ಕಳಿಸಿದ್ದ: "ಭಾಷಣ ಪೂರ್ತಿ ಬರ್ಲಿಲ್ಲ ಅಂದ್ರೆ ನಾಳೆಯಿಂದ ಮತ್ತೆ ಪಾಸ್‌ಪೋರ್ಟ್ ಫೋಟೋ ಕತ್ತರಿಸ್ತಾ ಕೂತ್ಕೊ."

ಅವಳು ತಂದದ್ದು ವಿ-ಮೂವತ್ತರ ಕಾರ್ಡು. ಸೆಕೆಂಡಿಗೆ ಮೂವತ್ತು ಎಂಬಿ ಸಲೀಸಾಗಿ ನುಂಗುವಂಥದ್ದು. ತಾನೇ ಕ್ಯಾಮೆರಾಕ್ಕೆ ಹಾಕಿದ್ದಳು. ಎರಡನೇ ಸಲ ನಿಂತಾಗ ತೆಗೆದು ನೋಡಿದರೆ ಹೊರಗಿನ ಅಡಾಪ್ಟರ್ ಅವಳದೇ, ಒಳಗಿನ ಉಗುರಿನಷ್ಟು ಕಾರ್ಡು ಮಾತ್ರ ಬೇರೆ. ಅದರ ಮೇಲೊಂದು ಸೊನ್ನೆ, ಸೊನ್ನೆಯೊಳಗೆ ನಾಲ್ಕು. ಸೆಕೆಂಡಿಗೆ ನಾಲ್ಕೇ ಎಂಬಿ. ಫೋರ್‌ಕೆ ವಿಡಿಯೋವನ್ನು ಅದಕ್ಕೆ ತುಂಬುವುದೆಂದರೆ ಸೀಸೆಯ ಬಾಯಿಗೆ ಹಂಡೆ ನೀರು ಸುರಿದಂತೆ.

ಯಾರೋ ಬದಲಾಯಿಸಿದ್ದಾರೆ.

ಬೆಳಿಗ್ಗೆ ಸಣ್ಣಸ್ವಾಮಿಯವರ ಹೆಂಡತಿ ಚಲುವಮ್ಮ ಅವಳನ್ನು ಅಡುಗೆಮನೆಗೇ ಕರೆದು ಕಾಫಿ ಕೊಟ್ಟಿದ್ದರು. ಅಡುಗೆಯ ಲಿಂಗಿ ಖಾಲಿ ಸಿಲಿಂಡರ್ ಉರುಳಿಸಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಮಾನಸ ಯಾರೊಡನೆಯೂ ಮಾತಾಡುವವಳಲ್ಲ. ಕಾರ್ಡಿನ ವಿಷಯ ಬಂದರೆ ಮಾತ್ರ ನಿಲ್ಲಿಸುವವಳಲ್ಲ. ತೆಗೆದು, ತೋರಿಸಿ, ನಿಧಾನದ ಕಾರ್ಡಾದರೆ ರೆಕಾರ್ಡಿಂಗ್ ನಡುವೆಯೇ ನಿಂತುಹೋಗುತ್ತದೆಂದು ವಿವರಿಸಿ, ಮತ್ತೆ ಹಾಕಿದ್ದಳು. ಆಮೇಲೆ ಟ್ರೈಪಾಡ್ ನಿಲ್ಲಿಸಲು ಹೊರಗೆ ಬಂದಾಗ ಕ್ಯಾಮೆರಾ ಒಳಗೇ ಉಳಿದಿತ್ತು. ತೀರ್ಥಪ್ರಸಾದ್ "ಒಂದ್ ಲೋಟ ನೀರು" ಎಂದುಕೊಂಡು ಒಳಗೆ ಹೋದದ್ದು ಆಗಲೇ.

ತೀರ್ಥಪ್ರಸಾದ್ ಎದುರು ರಸ್ತೆಯ ಸ್ಟುಡಿಯೋದವನು. ಈ ಕೆಲಸ ತನಗೇ ಸಿಗುತ್ತದೆಂದು ಕಾದಿದ್ದವನು. ಈಗ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

"ಏನ್ ಮಾನಸ, ಕಾರ್ಡು ಕೈಕೊಡ್ತಾ? ಬೇಕಾದ್ರೆ ನಂದ್ ತಗೊ." ಕಿಸೆಯಿಂದ ತೆಗೆದು ಚಾಚಿದ. ವಿ-ಮೂವತ್ತು!

ಮಾನಸಳ ಕಿವಿ ಬಿಸಿಯಾಯಿತು. ನನ್ನದನ್ನೇ ಕದ್ದು ನನಗೇ ದಾನ! ಆದರೂ ಕೈ ಮುಂದೆ ಹೋಯಿತು. ಎಲ್ಲಿಂದಲೋ ಬಂದ ಚಲುವಮ್ಮ ಆ ಕೈ ಹಿಡಿದುಕೊಂಡರು. ಅವರ ಕಣ್ಣು ಸೌದೆ ಒಲೆಯ ಹೊಗೆಗೆ ಕೆಂಪಾಗಿತ್ತು.

"ಬ್ಯಾಡ ಕಣವ್ವ. ಕಂಡೋರ ಕಾರ್ಡಲ್ಲಿ ವೈರಸ್ಸು ಗಿರಸ್ಸು ಇರ್ತವೆ."

"ಹಂಗಾದ್ರೆ ಕ್ವಾಲಿಟಿ ಇಳಿಸ್ಲಾ ಅಮ್ಮ? ಈ ಕಾರ್ಡಲ್ಲೇ ನಡೆಯುತ್ತೆ."

"ಅಯ್ಯೋ, ಅದಂತೂ ಬ್ಯಾಡ್ವೇ ಬ್ಯಾಡ! ಅರವತ್ತೈದು ಇಂಚಿನ ಟಿವಿ ತಂದವ್ರೆ. ಮೂಗು ಮಬ್ಬಾಗಿ ಬಂದ್ರೆ ನನ್ನ ಬುಡ್ತಾರಾ? ನೀನು ನಿಧಾನಕ್ಕೆ ತಗಿಯವ್ವ. ಏನ್ ಅವಸರ?"

ಎಂಥ ತಾಳ್ಮೆಯ ಹೆಂಗಸು ಎಂದುಕೊಂಡಳು ಮಾನಸ. ಇಷ್ಟು ಜನರಲ್ಲಿ ತನ್ನನ್ನು ಬೈಯದವರು ಇವರೊಬ್ಬರೇ.

ಏಳನೇ ಸಲ, ಮೂಲೆಯಲ್ಲಿ ಕೂತಿದ್ದ ಮುದುಕ ಗುಂಡಪ್ಪ ಗೋಗರೆದ: "ಲೋ ಸಣ್ಣ, ಈ ಸಲವಾದ್ರೂ ಆ ಮೂಟೆ ಕೆಳಗಿಳಿಸೋ! ಹೊಟ್ಟೆ ಹಸೀತದೆ." ಎಂಟನೇ ಸಲ, ಪುರೋಹಿತರೇ ಸಣ್ಣಸ್ವಾಮಿಗಿಂತ ಒಂದು ಪದ ಮುಂದಿದ್ದರು.

ಕೆಂಪು ದೀಪ ಆರಿತು. ಮಾನಸ ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಮಾಡಿ ತೀರ್ಥಪ್ರಸಾದನ ಮುಂದೆ ಹೋಗಿ ನಿಂತಳು.

"ನನ್ನ ಕಾರ್ಡು ಕೊಡಿ."

"ನಿನ್ನ ಕಾರ್ಡಾ? ಕಣ್ಣು ಬಿಟ್ಟು ನೋಡು ತಾಯಿ."

ಕಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ 'ತೀರ್ಥ' ಎಂದು ಬರೆದಿತ್ತು. ಬಣ್ಣ ಹಳೆಯದಾಗಿ ಅಂಚು ಸವೆದಿತ್ತು. ಮುಂದಿನ ಸಾಲು ಗೊಳ್ಳೆಂದಿತು. ಪಾಸ್‌ಪೋರ್ಟ್ ಫೋಟೋ ಕತ್ತರಿಸುವ ಕತ್ತರಿ ಮಾನಸಳ ಕಣ್ಣಮುಂದೆ ಬಂತು.

ಆಗ ಹಿತ್ತಿಲಿನಿಂದ ಲಿಂಗಿಯ ಕೂಗು: "ಅಕ್ಕಾ, ಅನ್ನ ಇಳಿಸ್ದೆ!"

ಅದರ ಬೆನ್ನಿಗೇ ಚಲುವಮ್ಮ ಸೆರಗು ಸಿಕ್ಕಿಸಿಕೊಳ್ಳುತ್ತ ಓಡಿ ಬಂದರು. "ಸಿಕ್ತು ಕಣವ್ವ! ಅಕ್ಕಿ ಡಬ್ಬದ ಹಿಂದ್ಗಡೆ ಬಿದ್ದಿತ್ತು ನೋಡು!"

ಅಂಗೈಯಲ್ಲಿ ಅವಳ ವಿ-ಮೂವತ್ತು. ಮಾನಸಳಿಗೆ ಅವರ ಕಾಲಿಗೆ ಬೀಳಬೇಕೆನಿಸಿತು.

ಒಂಬತ್ತನೇ ಸಲ ಸಣ್ಣಸ್ವಾಮಿ ಶುಂಠಿ ಮೂಟೆ ಇಳಿಸಿದರು, ಗುತ್ತಿಗೆ ಜಮೀನು ಹಿಡಿದರು, ಬೋರ್ ಕೊರೆಸಿದರು, ಮನೆ ಕಟ್ಟಿದರು. ಹನ್ನೊಂದು ನಿಮಿಷ, ಕೆಂಪು ದೀಪ ಒಮ್ಮೆಯೂ ಆರಲಿಲ್ಲ. ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಕೊನೆಯ ಪದ ಬಿದ್ದದ್ದೇ ಎಲ್ಲರೂ ಊಟಕ್ಕೆ ಓಡಿದ್ದರು. ಅನ್ನ ಹೊಗೆಯಾಡುತ್ತಿತ್ತು. ಇಷ್ಟು ಹೊತ್ತಾದರೂ ಇಷ್ಟು ಬಿಸಿ ಎಂದು ಜನ ಹೊಗಳಿದ್ದೇ ಹೊಗಳಿದ್ದು.

ಸಂಜೆ ಹೊರಡುವಾಗ ಚಲುವಮ್ಮ ಡಬ್ಬಿಯಲ್ಲಿ ಪಾಯಸ ಹಾಕಿಕೊಟ್ಟು ಗೇಟಿನವರೆಗೂ ಬಂದರು. ಮಾನಸ ಆ ನಾಲ್ಕರ ಕಾರ್ಡನ್ನು ತೋರಿಸಿದಳು.

"ಇದು ಯಾರದ್ದೋ ಗೊತ್ತಾಗ್ಲಿಲ್ಲ ಅಮ್ಮ. ಎಸೆದುಬಿಡ್ಲಾ?"

"ಎಸಿಬ್ಯಾಡ ಕಣವ್ವ, ನನ್ನ ಫೋನಿಂದು ಅದು," ಎಂದರು ಚಲುವಮ್ಮ, ದನಿ ತಗ್ಗಿಸಿ. "ಜೋಪಾನವಾಗಿ ಮಡಿಕೊ. ಮುಂದಿನ ತಿಂಗಳು ಮಗಳ ಮದುವೆ. ಅವತ್ತೂ ಅಡುಗೆ ಲಿಂಗೀದೇ."