ಹಸಿ ಮೆಟ್ಟಿಲು

ಕೊನೆಯ ಮೆಟ್ಟಿಲಿನ ಮೇಲೆ ಕರಣೆ ಆಡಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ಗಾರೆ ಮಾವ "ಆಯ್ತು!" ಅಂದದ್ದೇ ತಡ, ದಿಬ್ಬದ ತುದಿಯಲ್ಲಿರುವ ಅಜ್ಜಿಯ ಅಂಗಳದಲ್ಲಿ ಕೇರಿಯ ಹುಡುಗ ಹುಡುಗಿಯರೆಲ್ಲ ಹೋ ಎಂದು ಕುಣಿದರು. ಕುಣಿತ ಹೆಚ್ಚು ಹೊತ್ತು ನಡೆಯಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ, ಕೇರಿಯವರೆಲ್ಲ ಕಿಡಿ ಎಂದೇ ಕರೆಯುವ ಹುಡುಗಿ ಮೊದಲು ಕೆಳಗೆ ನೋಡಿದಳು, ಆಮೇಲೆ ಮಾವನ ಮುಖ ನೋಡಿದಳು.

"ಮಾವ, ಈಗ ನಾವು ಇಳಿಯೋದು ಹೇಗೆ?"

ಮಾವನೂ ಬಗ್ಗಿ ಕೆಳಗೆ ನೋಡಿದ. ಇಡೀ ದಿಬ್ಬದಲ್ಲಿ ಕಾಂಕ್ರೀಟ್ ಕಲಸುವಷ್ಟು ಸಮತಟ್ಟಾದ ಜಾಗ ಅಜ್ಜಿಯ ಅಂಗಳವೊಂದೇ. ಹಾಗಾಗಿ ಮರಳು, ಜಲ್ಲಿ, ಸಿಮೆಂಟನ್ನೆಲ್ಲ ಮೊದಲೇ ಮೇಲಕ್ಕೆ ಹೊತ್ತು ತಂದು, ಅಲ್ಲೇ ಕಲಸಿ, ಸಾಲಾಗಿ ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ಕೆಳಕ್ಕೆ ದಾಟಿಸಿದ್ದರು. ಒಂದೊಂದು ಮೆಟ್ಟಿಲು ಮುಗಿದ ಹಾಗೆಲ್ಲ ಸಾಲು ಮೇಲಕ್ಕೆ ಸರಿದು ಸರಿದು, ಕೊನೆಗೆ ಎಲ್ಲರೂ ಅಂಗಳಕ್ಕೇ ಬಂದು ಸೇರಿದ್ದರು. ಕೆಳಗಿನವರೆಗೂ ಹಸಿ ಸಿಮೆಂಟು. ಒಂದು ಪಕ್ಕಕ್ಕೆ ಮನೆಗಳ ಹಿಂಗೋಡೆ, ಇನ್ನೊಂದು ಪಕ್ಕಕ್ಕೆ ಆಳದ ಚರಂಡಿ, ಅಜ್ಜಿಯ ಮನೆಯ ಹಿಂದೆ ಕಡಿದಾದ ಬಂಡೆ.

"ಇಷ್ಟು ವರ್ಷ ಯಾರ್ಯಾರ ಮನೆಗೋ ಮೆಟ್ಟಿಲು ಕಟ್ಟಿದೀನಿ," ಎಂದು ಮಾವ ತಲೆ ಕೆರೆದುಕೊಂಡ. "ನನ್ನನ್ನೇ ಮೇಲಿಟ್ಕೊಂಡು ಕಟ್ಟಿದ್ದು ಇದೇ ಮೊದ್ಲು."

ಒಬ್ಬ ಹುಡುಗ, ಕಿಡಿ ಹಳೆಯ ಪೈಪುಗಳನ್ನು ಬೆಸೆದು ನೆಟ್ಟಿದ್ದ ಮೆಟ್ಟಿಲ ಕಂಬಿಯನ್ನು ಹಿಡಿದು ಜಾರಲೇ ಎಂದು ಕೇಳಿದ. "ಕಂಬ ಒಂಚೂರು ಅಲ್ಲಾಡಿದ್ರೂ ಅದರ ಜಾಗಕ್ಕೆ ನಿನ್ನನ್ನೇ ನೆಡ್ತೀನಿ," ಎಂದಳು ಅವಳು. ಹೊಸ್ತಿಲಲ್ಲಿ ಕೂತಿದ್ದ ಅಜ್ಜಿಗೆ ನಗು ತಡೆಯಲಾಗಲಿಲ್ಲ.

ನಗುವ ಹಕ್ಕು ತನಗಿಲ್ಲ ಎಂಬುದೂ ಅಜ್ಜಿಗೆ ಗೊತ್ತಿತ್ತು. ಹಳೆಯ ಮೆಟ್ಟಿಲು ಕುಸಿದ ಮೇಲೆ ನಗರಸಭೆ ಆಫೀಸಿನವರು ಬಂದರು, ನೋಡಿದರು, ಹೋದರು. ಗಟ್ಟಿಮುಟ್ಟಾದವರು ಅದೇ ಜಾಗದ ಮಣ್ಣಿನ ಜಾರುದಾರಿಯಲ್ಲಿ ಹೇಗೋ ಹತ್ತಿ ಇಳಿದರು. ಕೈಲಾದವರು ಕೇರಿಯನ್ನೇ ಬಿಟ್ಟರು. ಈ ಹುಡುಗರು ಗುದ್ದಲಿ ಹಿಡಿದು ಬಂದ ದಿನ ಅಜ್ಜಿ, "ನೀವು ಮೆಟ್ಟಿಲು ಕಟ್ಟಿದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ!" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಆಸೆ ಇಟ್ಟುಕೊಂಡು ಮೋಸ ಹೋಗಲು ಅವಳಿಗೆ ಧೈರ್ಯವಿರಲಿಲ್ಲ, ಅಷ್ಟೆ. ದಿಬ್ಬದ ಬುಡದಲ್ಲೇ ಅವಳ ತಂಗಿಯ ಮನೆ. ಒಬ್ಬಳ ಮಂಡಿ ಇಳಿಯಗೊಡದು, ಇನ್ನೊಬ್ಬಳ ಎದೆ ಹತ್ತಗೊಡದು. ಬೆಳಿಗ್ಗೆ ಎದ್ದು ಮೇಲಿಂದ ಇವಳು ಕೂಗುವುದು, ಕೆಳಗಿಂದ ಅವಳು ಕೂಗುವುದು, ಇಬ್ಬರ ಸಂಸಾರದ ಗುಟ್ಟೆಲ್ಲ ಕೇರಿಗೇ ಕೇಳುವುದು. ಇತ್ತೀಚೆಗೆ ತಂಗಿಯ ದನಿ ಅರ್ಧ ದಾರಿಗೂ ಬರುತ್ತಿರಲಿಲ್ಲ. ಕೈಯೆತ್ತಿ ಆಡಿಸುತ್ತಿದ್ದಳು. ಅದೂ ನಿಂತುಹೋದರೆ ಎಂದು ಅಜ್ಜಿಗೆ ಹೆದರಿಕೆ.

"ಅಜ್ಜೀ, ಕೆಳಗೆ ನೋಡಿ!" ಎಂದು ಕಿಡಿ ಚೀರಿದಳು.

ಕುಣಿತದ ಗಲಾಟೆ ಕೇಳಿ ತಂಗಿ ಹೊರಗೆ ಬಂದಿದ್ದಳು. ಹೊಳೆಯುವ ಹೊಸ ಮೆಟ್ಟಿಲು ಕಂಡು, ಸೆರಗು ಸಿಕ್ಕಿಸಿಕೊಂಡು, ಮೊದಲನೆಯದರ ಮೇಲೆ ಇಡಲು ಕಾಲೆತ್ತಿದ್ದಳು. ಹುಡುಗರೆಲ್ಲ ಒಟ್ಟಿಗೆ ಅರಚಿದರು. ಯಾರು ಏನು ಹೇಳುತ್ತಿದ್ದಾರೋ ಒಂದೂ ತಿಳಿಯುವಂತಿರಲಿಲ್ಲ.

ಅಜ್ಜಿ ಎದ್ದು ನಿಂತಳು. "ಏಯ್! ಕಾಲಿಟ್ಟೀಯಾ ಜೋಕೆ! ಹಸಿ ಇದೆ ಕಣೇ!"

ಗುಂಪಿನ ಗದ್ದಲವನ್ನೆಲ್ಲ ಸೀಳಿಕೊಂಡು ಹೋಯಿತು ಆ ದನಿ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು, ಮೆಲ್ಲಗೆ ಹಿಂದಕ್ಕೆ ಹೋಯಿತು. ಮಾವ ಉಸಿರು ಬಿಟ್ಟ. "ಅಬ್ಬಾ, ಏನು ಗಂಟಲು ಅಜ್ಜಿ ನಿಮ್ದು!"

"ಸುಮ್ನೆ ಬಂದಿದ್ದಲ್ಲಪ್ಪ," ಎಂದಳು ಅಜ್ಜಿ. "ಬನ್ನಿ ಒಳಗೆ. ಇವತ್ತು ನೀವೆಲ್ಲ ನನ್ನ ಮನೇಲೇ."

ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಡಬ್ಬಿಯಲ್ಲಿದ್ದ ಅಕ್ಕಿಯೆಲ್ಲ ಒಲೆಗೇರಿತು. ತಟ್ಟೆ ಸಾಲದೆ ಮುಚ್ಚಳಗಳಲ್ಲಿ ಬಡಿಸಿದ್ದಾಯಿತು. ಹುಡುಗರು ಒಬ್ಬರ ಕಾಲು ಒಬ್ಬರ ತಲೆಗೆ ತಾಗುವ ಹಾಗೆ ಮಲಗಿದರು. "ಹೊಸ ಹೆಸರು ಏನಿಡೋಣ ಅಜ್ಜಿ?" ಎಂದು ಕಿಡಿ ಕಾಲೆಳೆದಾಗ, "ಮೊದ್ಲು ಒಣಗ್ಲಿ, ಆಮೇಲೆ ಮೆರೀರಂತೆ," ಎಂದು ಗದರಿದಳು. ಎಷ್ಟೋ ಕಾಲದ ಮೇಲೆ ಮನೆ ತುಂಬಿತ್ತು. ಅವಳಿಗೆ ಖುಷಿಯಲ್ಲಿ ನಿದ್ದೆಯೇ ಹತ್ತಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಮಾವ ಎಲ್ಲಕ್ಕಿಂತ ಮೇಲಿನ ಮೆಟ್ಟಿಲನ್ನು ಹಿಮ್ಮಡಿಯಿಂದ ಒತ್ತಿ ನೋಡಿ ತಲೆಯಾಡಿಸಿದ. ಹುಡುಗರು ನುಗ್ಗಲು ಹೋದಾಗ ಕಿಡಿ ಕೈ ಅಡ್ಡ ಹಿಡಿದಳು. "ಮೊದ್ಲು ಅಜ್ಜಿ."

ಅಜ್ಜಿ ಕಂಬಿ ಹಿಡಿದಳು. ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಊರಿ, ನಿಂತು, ಮಂಡಿಯನ್ನು ಬೈದು, ಮತ್ತೆ ಇಳಿದಳು. ಮುಚ್ಚಿದ್ದ ಕಿಟಕಿಗಳು ಒಂದೊಂದಾಗಿ ತೆರೆದವು. ಹಿಂದೆ ಹುಡುಗರ ದಂಡು ಒಂದೊಂದೇ ಮೆಟ್ಟಿಲು ಇಳಿದು ಬರುತ್ತಿತ್ತು. ಕೊನೆಯ ಮೆಟ್ಟಿಲು ಇಳಿದಾಗ ಕೇರಿಗೆ ಕೇರಿಯೇ ಚಪ್ಪಾಳೆ ತಟ್ಟಿತು, ಕಿಡಿ ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡಳು.

ತಂಗಿ ಎದುರಿಗೇ ನಿಂತಿದ್ದಳು. ಅಜ್ಜಿ ಅವಳ ಎರಡೂ ಕೈ ಹಿಡಿದುಕೊಂಡು, ದಿಬ್ಬವೆಲ್ಲ ಮೊಳಗುವಂತೆ ಕೇಳಿದಳು.

"ಊಟ ಆಯ್ತೇನೇಏಏ?"

ತಂಗಿ ಮೆಲ್ಲಗೆ ಅಂದಳು: "ಕೂಗ್ಬೇಡ ಅಕ್ಕಾ. ಇಲ್ಲೇ ಇದೀನಿ."