ಗೋಡೆ ಪಕ್ಕದ ಗುಂಡಿ

ಕ್ರೈಸ್ತರ ಸ್ಮಶಾನವನ್ನು ಜಾತಿಯ ಪ್ರಕಾರ ಎರಡು ಪಾಲು ಮಾಡಿದ್ದ ಗೋಡೆ ದೇವದ್ರೋಹವೆಂದು ಬರೆದೇ ಮುದುಕರಾದ ದೈವಶಾಸ್ತ್ರ ಕಲಿಸುತ್ತಿದ್ದ ಮೇಲ್ಜಾತಿಯ ಪಾದ್ರಿ ಅಯ್ಯನವರು, ತಮ್ಮನ್ನು ದಲಿತರ ಪಾಲಿನಲ್ಲೇ ಹೂಳಬೇಕೆಂದು ಬರೆದಿಟ್ಟು ಸತ್ತರು.

ಗುಂಡಿ ತೋಡುವ ಯಾಕೋಬ ತನ್ನ ಅವ್ವನ ಗೋರಿಯ ಪಕ್ಕ ಗುದ್ದಲಿ ಊರಿದ.

"ಅಲ್ಲಿ ಬ್ಯಾಡ ಕಣೋ, ಗೋಡೆ ಪಕ್ಕ ತೋಡು," ಎಂದ ಚರ್ಚಿನ ಸಭೆಯ ಸೆಕ್ರೆಟರಿ.

"ಯಾಕ್ ಸ್ವಾಮಿ, ನಮ್ಮವ್ವನ ಮೂಳೆ ತಾಗಿದ್ರೆ ಅಯ್ಯನೋರಿಗೆ ಮೈಲಿಗೆನಾ?"

"ನಾಲಿಗೆ ಬಿಗಿ ಹಿಡಿ. ಅವರನ್ನ ನಿಮ್ಮ ಕಡೆಗೇ ಬಿಟ್ಕೊಟ್ಟಿಲ್ವಾ?"

"ಅವರು ಬರೆದಿಡದಿದ್ರೆ ಬಿಡ್ತಿದ್ರಾ?"

ಯಾಕೋಬ ಹಲ್ಲು ಕಚ್ಚಿಕೊಂಡು ಗೋಡೆಗೆ ಒತ್ತಿದಂತೆಯೇ ತೋಡಿದ. ಅಂತೂ ಅಯ್ಯನವರು ತಮ್ಮ ಕಡೆ ಬಂದರಲ್ಲ, ಅವನಿಗೆ ಅಷ್ಟು ಸಾಕಿತ್ತು.

ತಿಂಗಳ ಸ್ಮರಣೆಯ ದಿನ ಹೂವು ಹಿಡಿದು ಬಂದ. ಅಯ್ಯನವರ ಗೋರಿ ಇದ್ದಲ್ಲೇ ಇತ್ತು. ಹಳೆಯ ಗೋಡೆಯನ್ನು ಕೆಡವಿ, ಗೋರಿಯ ಈಚೆಗೆ, ದಲಿತರ ಪಾಲಿನೊಳಗೆ, ಹೊಸದನ್ನು ಕಟ್ಟಿದ್ದರು.