ಮೊದಲ ಸಾಲಿಗೊಂದು ಕೆಂಪು ಕಾರು

ಬಾನೆಟ್ ಎತ್ತಿಕೊಂಡು ನಿಂತಿದ್ದ ಕೆಂಪು ಕಾರು ಕಂಡ ಕೂಡಲೇ ಪಂಡಿತ ಬ್ರೇಕ್ ಒತ್ತಿದ. ಪಕ್ಕದಲ್ಲಿ ಒಬ್ಬಳೇ ಹೆಂಗಸು, ಕೈಯಲ್ಲಿ ನೀರಿನ ಬಾಟಲಿ. ಒಂದು ಚಹಾದಂಗಡಿ ಬಿಟ್ಟರೆ ಸುತ್ತಮುತ್ತ ನರಪಿಳ್ಳೆ ಇಲ್ಲ.

ಪಂಡಿತ ಅನ್ನುವುದು ಹಳೆ ಕಾರುಗಳ ಸಂಘದವರು ಅವನಿಗಿಟ್ಟ ಅಡ್ಡಹೆಸರು. ಅವನು ಅದನ್ನು ಬಿರುದು ಅಂದುಕೊಂಡಿದ್ದ. ಯಾವ ಕಾರಿನ ಬಗ್ಗೆ ಕೇಳಿದರೂ ಗಂಟಲು ಹರಿಯುವಷ್ಟು ಮಾತಾಡುತ್ತಿದ್ದ. ಕೈಗೆ ಮಾತ್ರ ಎಂದೂ ಮಸಿ ಅಂಟಿಸಿಕೊಂಡವನಲ್ಲ. ಇವತ್ತೂ ಬಿಳಿ ಪ್ಯಾಂಟು. ಹೊರಟಿದ್ದು ಹಳೆಯ ಸ್ಪೋರ್ಟ್ಸ್ ಕಾರುಗಳ ವಾರ್ಷಿಕ ಸಮಾವೇಶಕ್ಕೆ, ತಾತ ಬಿಟ್ಟುಹೋದ ಕಾರಿನಲ್ಲಿ. ಬೂದು ಬಣ್ಣ, ಬೂದಿ ಬಳಿದಂಥ ಕಳೆ. ಹೋದ ವರ್ಷ ನಾಚಿಕೆಗೆ ಅದನ್ನು ಕೊನೆಯ ಸಾಲಿನಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿ, ಬಾನೆಟ್ಟನ್ನೂ ತೆರೆಯದೆ ವಾಪಸಾಗಿದ್ದ. "ಕಾರು ತೋರಿಸ್ಕೊಂಡು ಬಂದ್ರೋ, ಬಚ್ಚಿಟ್ಕೊಂಡು ಬಂದ್ರೋ?" ಎಂದು ಹೆಂಡತಿ ಕೇಳಿದ್ದಳು. ಈ ಸಲವೂ ಮೊದಲ ಸಾಲು ಸಿಗದಿದ್ದರೆ ಮನೆಗೆ ಯಾವ ಮುಖ ಹೊತ್ತು ಹೋಗುವುದು?

ಕೆಂಪು ಕಾರಿಗೆ ಒಂದು ಸುತ್ತು ಬಂದ. ಉದ್ದ ಮೂತಿ, ತಂತಿ ಚಕ್ರ, ಎರಡೇ ಸೀಟು. ಇಂಥದ್ದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದ. ಬಾಯಲ್ಲಿ ಊರಿದ ನೀರನ್ನು ನುಂಗಿಕೊಂಡು ಮುಖ ಸಿಂಡರಿಸಿದ.

"ನಿಮ್ಮದಾ ಅಕ್ಕಾ?"

"ನಮ್ಮ ಯಜಮಾನ್ರದ್ದು ಅಣ್ಣಾ. ಒಂದೊಂದು ನಟ್ಟೂ ಅವರೇ ಕೂತು ಬಿಗಿದಿದ್ದು." ಆಕೆ ನಿಟ್ಟುಸಿರು ಬಿಟ್ಟಳು. "ನನ್ನನ್ನ ಇದ್ರ ಜೊತೆ ಬಿಟ್ಟು ತಾವು ಮುಂದೆ ಹೋಗ್ಬಿಟ್ರು."

"ಅಯ್ಯೋ ಪಾಪ," ಎಂದ ಪಂಡಿತ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

"ಸಮಾವೇಶಕ್ಕೆ ತಿಳಿದೋರು ಬರ್ತಾರಲ್ಲ, ಅವರಿಗೆ ತೋರ್ಸೋಣ ಅಂತ ಹೊರಟೆ. ದಾರೀಲಿ ಹೀಗೆ ಬಿಸಿಯಾಗಿ ಕೂತ್ಕೊಂಡಿದೆ."

ತಿಳಿದವರ ಕಣ್ಣಿಗೆ ಬಿದ್ದರೆ ಕೆಟ್ಟಿತು. ಆಗಬೇಕಾದ್ದು ಇಲ್ಲೇ ಆಗಬೇಕು.

"ತಿಳಿದೋನು ಇಲ್ಲೇ ನಿಂತಿದೀನಲ್ಲಕ್ಕಾ. ಬೇಜಾರು ಮಾಡ್ಕೋಬೇಡಿ, ಇದು ಅಸಲಿ ಅಲ್ಲ. ಮೇಲೆ ತಗಡು ಬಡಿದು ಬಣ್ಣ ಹೊಡೆದಿದಾರೆ. ಅಡೀಲಿ ಯಾವ್ದೋ ಹಾಲಿನ ವ್ಯಾನಿನ ಚಾಸಿ ಇರುತ್ತೆ."

ಆಕೆ ಬೆಚ್ಚಿಬಿದ್ದಳು. "ಬಗ್ಗಿ ನೋಡದೇನೇ ಹೇಗೆ ಹೇಳಿದ್ರಿ?"

"ಅನುಭವ."

ಬಗ್ಗಲು ಬಿಳಿ ಪ್ಯಾಂಟು ಬಿಡಲಿಲ್ಲ. ಬಗ್ಗುವ ಅಗತ್ಯವೂ ಕಾಣಲಿಲ್ಲ. ಸುಳ್ಳು ಹೇಳುವುದಕ್ಕೆ ಯಾರಾದರೂ ಕಾರಿನಡಿ ತೂರುತ್ತಾರೆಯೇ?

"ಇರಬಹುದು ಅಣ್ಣಾ. ಇಷ್ಟು ತಿಳಿದೋರು ಹೇಳಿದ ಮೇಲೆ ನಾನು ಇಲ್ಲ ಅನ್ನಲ್ಲ."

ಅಂಗಡಿಯವನು ಚಹಾ ತಂದ. ಪಂಡಿತ ಅವನನ್ನೂ ಎಳೆದುಕೊಂಡ. "ನೀನೇ ಹೇಳಪ್ಪಾ, ಇದು ಡಕೋಟಾ ಅಲ್ವಾ?"

"ನಂಗೇನ್ ಗೊತ್ತು ಸಾರ್. ನೀವು ಹೇಳ್ತಿದೀರಿ, ನಾನು ಕೇಳಿಸ್ಕೊಳ್ತಿದೀನಿ."

"ನೋಡಿದ್ರಾ? ಅಕ್ಕಾ, ನಿಮ್ಮ ಕಷ್ಟ ನೋಡೋಕಾಗಲ್ಲ. ನನ್ನ ಗಾಡಿ ತಗೊಳ್ಳಿ. ರೂಪ ಇಲ್ಲ, ಆದ್ರೆ ನಡುದಾರೀಲಿ ಕೈ ಕೊಡಲ್ಲ. ಈ ಪೀಡೇನ ನಾನೇ ಹೊತ್ಕೊಂಡು ಹೋಗ್ತೀನಿ. ಅದಲು ಬದಲು. ನಿಮ್ಮ ಯಜಮಾನ್ರ ಆತ್ಮಕ್ಕೂ ಶಾಂತಿ ಸಿಗುತ್ತೆ."

ಆಕೆ ಗಕ್ಕನೆ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಕುಲುಕಿದವು. ಸುಧಾರಿಸಿಕೊಳ್ಳಲು ಸ್ವಲ್ಪ ಹೊತ್ತೇ ಹಿಡಿಯಿತು. ಗಂಡನನ್ನು ಇಷ್ಟು ಹಚ್ಚಿಕೊಂಡವರು ಈ ಕಾಲದಲ್ಲೂ ಇದ್ದಾರಲ್ಲ ಎಂದು ಪಂಡಿತನಿಗೆ ತನ್ನ ಹೆಂಡತಿಯ ಮೇಲೆ ಸಿಟ್ಟು ಬಂತು.

"ನಿಮ್ಮದನ್ನ ಒಂದ್ಸಲ ತೆಗೆದು ನೋಡ್ಲಾ?" ಎಂದಳು ಕಣ್ಣೊರೆಸಿಕೊಂಡು.

"ಏನಿದೆ ಅದರಲ್ಲಿ, ಜೇಡರ ಬಲೆ. ತಾತ ಯಾರಿಗೂ ಮುಟ್ಟೋಕೂ ಬಿಡ್ತಿರ್ಲಿಲ್ಲ."

ಆಕೆ ಬೂದು ಕಾರಿನ ಬಾನೆಟ್ ಎತ್ತಿದಳು. ಒಳಗೆ ನೋಡಿದಳು. ಮಲಗಿದ ಮಗುವಿಗೆ ಹೊದಿಕೆ ಸರಿಪಡಿಸುವ ಹಾಗೆ ಮೆತ್ತಗೆ ಮುಚ್ಚಿದಳು.

"ಆಮೇಲೆ ನೀವು ನನ್ನನ್ನ ಬೈಬಾರದು ಅಣ್ಣಾ."

"ಎಲ್ಲಾದ್ರೂ ಉಂಟೇ? ಈ ಅಂಗಡಿಯವರೇ ಸಾಕ್ಷಿ. ನಕಲಿ ಅಂತ ಗೊತ್ತಿದ್ದೇ ತಗೊಳ್ತಿದೀನಿ."

"ಕೇಳಿಸ್ಕೊಂಡೆ ಸಾರ್," ಎಂದ ಅಂಗಡಿಯವನು.

ಆಕೆ ಮನಸ್ಸು ಬದಲಿಸುವ ಮೊದಲೇ ಕಾಗದಪತ್ರಕ್ಕೆ ಅಲ್ಲೇ ಸಹಿ ಮಾಡಿ ಮುಗಿಸಿ, ಪಂಡಿತ ಕೆಂಪು ಕಾರಿನೊಳಗೆ ತೂರಿಕೊಂಡ. ಅಡಿಯಿಂದ ಖಾಲಿ ಕ್ರೇಟುಗಳು ಕುಣಿದಂತೆ ಸದ್ದು ಬರುತ್ತಿತ್ತು. ಓಟದ ಕಾರಿನ ಗತ್ತೇ ಬೇರೆ ಅಂದುಕೊಂಡ. ಏರು ಸಿಕ್ಕಲ್ಲೆಲ್ಲ ಕಾರು ಬುಸುಗುಟ್ಟಿ ನಿಂತಿತು. ಪ್ರತಿ ಸಲವೂ ಇಳಿದು ನೀರು ಕುಡಿಸಿದ. ಒಮ್ಮೆ ಬೂದು ಕಾರು ಹಾರ್ನ್ ಹೊಡೆದು ಅವನನ್ನು ದಾಟಿ ಹೋಯಿತು. ಆಕೆ ಕೈ ಬೀಸಿದಳು. ಇವನೂ ಬೀಸಿದ. ಪಾಪ ಅನ್ನಿಸಿತು.

ಮೈದಾನದ ಬಾಗಿಲಲ್ಲಿ ಕೆಂಪು ಬಣ್ಣ ಕಂಡದ್ದೇ ತಡ, ಸಂಘದವರು ಮರುಮಾತಿಲ್ಲದೆ ಮೊದಲ ಸಾಲಿಗೆ ಕೈ ತೋರಿಸಿದರು. ಪಂಡಿತ ಕಾರಿಗೊರಗಿ ನಿಂತು ಫೋಟೋ ತೆಗೆಸಿಕೊಂಡು ಹೆಂಡತಿಗೆ ಕಳಿಸಿದ. ಸ್ವರ್ಗಕ್ಕೆ ಮೂರೇ ಗೇಣು.

ತೀರ್ಪುಗಾರ್ತಿ ಬಂದರು. ಅವರಿಗೆ ಪ್ಯಾಂಟಿನ ಚಿಂತೆ ಇರಲಿಲ್ಲ. ಚಾಪೆ ಹಾಸಿ, ಟಾರ್ಚ್ ಹಿಡಿದು ಕಾರಿನಡಿ ಸರಿದರು. ಹೊರಬಂದಾಗ ಮುಖದ ತುಂಬ ಮೆಚ್ಚುಗೆ.

"ಕೈಕೆಲಸ ಅಂದ್ರೆ ಇದು. ಹಾಲಿನ ವ್ಯಾನಿನ ಮೇಲೆ ಇಷ್ಟು ಸೊಗಸಾಗಿ ತಗಡು ಕೂರಿಸಿದ್ದನ್ನ ನಾನು ನೋಡೇ ಇರ್ಲಿಲ್ಲ. ಯಾರು ಮಾಡಿದ್ದು ಸಾರ್? ಆದ್ರೆ ಇಲ್ಲಿಂದ ತೆಗೀಬೇಕಾಗುತ್ತೆ. ಈ ಸಾಲು ಅಸಲಿಗೆ ಮಾತ್ರ."

ಬೆಳಿಗ್ಗೆಯಿಂದ ಪಂಡಿತ ಹೇಳಿದ ಒಂದೇ ಒಂದು ಸುಳ್ಳು ಹೀಗೆ ಕೈಕೊಟ್ಟು ನಿಜವಾಗಿತ್ತು.

ಸಾಲಿನ ನಟ್ಟನಡುವೆ ಜನ ಬೆಲ್ಲಕ್ಕೆ ಇರುವೆಯಂತೆ ಮುತ್ತಿದ್ದರು. "ಕಾರ್ಖಾನೆ ಬಿಟ್ಟ ಮೇಲೆ ಒಂದು ಬೋಲ್ಟೂ ಬದಲಾಗಿಲ್ಲ ಕಣ್ರೀ," ಎಂದು ಯಾರೋ ಹೇಳುತ್ತಿದ್ದರು. ಪಂಡಿತ ನುಗ್ಗಿ ನೋಡಿದ. ತಾತನ ಬೂದು ಕಾರು, ಬಾನೆಟ್ ತೆರೆದು ನಿಂತಿತ್ತು. ಪಕ್ಕದಲ್ಲಿ ಆಕೆ. ಇಂಜಿನ್ನಿಗೆ ತಲೆ ತೂರಿಸಿದ್ದ ದಪ್ಪ ಮೀಸೆಯ ಗಂಡಸೊಬ್ಬ ಮಸಿ ಕೈ ಒರೆಸಿಕೊಳ್ಳುತ್ತ ನೆಟ್ಟಗಾಗಿ, ಪಂಡಿತನಿಗೆ ನಮಸ್ಕಾರ ಮಾಡಿದ.

"ಇವರೇ ನಮ್ಮ ಯಜಮಾನ್ರು ಅಣ್ಣಾ," ಎಂದಳು ಆಕೆ. "ಬೆಳಿಗ್ಗೇನೇ ಮುಂದೆ ಬಂದು ನಮಗೊಂದು ಜಾಗ ಹಿಡಿದಿದ್ರು."